ಜಿನ್ನು, ಗಂಜು, ಕಾಲುವೆ: ಭೀಮಾ–ಕೃಷ್ಣೆಯರ ಸೀಮೆಯ ಗಿರಣಿ ಊರುಗಳು

ಯಾದಗಿರಿ, ಶಹಾಪುರ ಮತ್ತು ಸುರಪುರಗಳು ಒಂದೇ ಜಿಲ್ಲೆಯ, ಒಂದಕ್ಕೊಂದು ಸಮೀಪದ ಪಟ್ಟಣಗಳಾದರೂ ಅವು ಹುಟ್ಟಿದ ಕಾರಣವೂ ಬೆಳೆದ ಕಾಲವೂ ಬೇರೆ ಬೇರೆ. ಸುರಪುರ ಅರಸುಮನೆತನದ ರಾಜಧಾನಿಯಾಗಿ ಬೆಟ್ಟಗಳ ನಡುವೆ ಎದ್ದಿತು. ಕೋಟೆಯ ಬುಡದಲ್ಲಿದ್ದ ಯಾದಗಿರಿ ರೈಲು ಬಂದ ಮೇಲೆ ವ್ಯಾಪಾರದ ಊರಾಯಿತು. ಶಹಾಪುರ ಕಾಲುವೆಯ ನೀರು ಹರಿದ ಮೇಲೆ ಹಿಗ್ಗಿತು. ಹತ್ತಿಯ ಜಿನ್, ಶೇಂಗಾ ಎಣ್ಣೆಯ ಮಿಲ್, ಬೇಳೆಯ ಮಿಲ್, ಅಕ್ಕಿಯ ಮಿಲ್ ಹೀಗೆ ಹೊಲದ ಬೆಳೆಯನ್ನು ಪೇಟೆಯ ಸರಕಾಗಿಸುವ ಗಿರಣಿಗಳು ಈ ಮೂರೂ ಊರುಗಳ ಆರ್ಥಿಕ ಬದುಕಿನ ಮುಖ್ಯ ಭಾಗವಾಗಿವೆ. ಈ ಗಿರಣಿಗಳಲ್ಲಿ ಹೆಚ್ಚಿನವು ಬೆಳೆಯ ಮೊದಲ ಸಂಸ್ಕರಣೆಯನ್ನಷ್ಟೇ ಮಾಡಿ ಮುಂದಿನ ಕೆಲಸವನ್ನು ಬೇರೆ ಊರುಗಳಿಗೆ ಬಿಟ್ಟುಕೊಟ್ಟವು ಎಂಬುದನ್ನು ಗಮನಿಸದೆ ಈ ಪಟ್ಟಣಗಳ ಬೆಳವಣಿಗೆಯನ್ನಾಗಲಿ, ಅದು ಎಲ್ಲಿಗೆ ಬಂದು ನಿಂತಿತೆಂಬುದನ್ನಾಗಲಿ ಅರ್ಥಮಾಡಿಕೊಳ್ಳುವುದು ಕಷ್ಟ.

ಗಿರಣಿಯಿಂದಲೇ ಹುಟ್ಟಿದ ಊರು ಎಂದಾಗ ಇತಿಹಾಸಕಾರರು ಸಾಮಾನ್ಯವಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಪಟ್ಟಣವನ್ನು ಹೆಸರಿಸುತ್ತಾರೆ. ಮೆರಿಮ್ಯಾಕ್ ನದಿ ಜಲಪಾತವಾಗಿ ಇಳಿಯುವ ಕಡೆ ಬಾಸ್ಟನ್ ನಗರದ ಬಂಡವಾಳಗಾರರು 1820ರ ದಶಕದಲ್ಲಿ ಕಾಲುವೆಗಳನ್ನು ತೋಡಿಸಿ, ನೀರಿನ ಬಲದಿಂದ ತಿರುಗುವ ಚಕ್ರಗಳಿಗೆ ಯಂತ್ರಗಳನ್ನು ಜೋಡಿಸಿ, ಹತ್ತಿಯನ್ನು ನೂಲಾಗಿಸುವುದರಿಂದ ಬಟ್ಟೆ ನೇಯುವವರೆಗಿನ ಎಲ್ಲ ಕೆಲಸಗಳನ್ನೂ ಒಂದೇ ಸೂರಿನಡಿ ತಂದರು. ಹೊಲಗದ್ದೆಗಳಿದ್ದ ಆ ಜಾಗ 1826ರಲ್ಲಿ ಪಟ್ಟಣವೆಂದೂ 1836ರಲ್ಲಿ ನಗರವೆಂದೂ ಮಾನ್ಯತೆ ಪಡೆಯಿತು. ಸುತ್ತಲಿನ ರೈತ ಕುಟುಂಬಗಳ ತರುಣಿಯರು ಕಂಪನಿಯ ವಸತಿಗೃಹಗಳಲ್ಲಿದ್ದು ಅಲ್ಲಿ ದುಡಿದರು; ಅವರಿಗೆ ಓದುಬರಹ ಬರುತ್ತಿದ್ದುದರಿಂದ ತಮ್ಮ ಬರಹಗಳದೇ ಒಂದು ಪತ್ರಿಕೆಯನ್ನೂ 1840ರ ದಶಕದಲ್ಲಿ ನಡೆಸಿದರು. ಆದರೆ ಅವರ ಮಗ್ಗಗಳಿಗೆ ಬರುತ್ತಿದ್ದ ಹತ್ತಿಯನ್ನು ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿಗೆ ಸಿಕ್ಕಿದ್ದ ಕಪ್ಪು ಜನ ಬೆಳೆಯುತ್ತಿದ್ದರು ಎಂಬುದನ್ನು ಬಿಟ್ಟು ಲೋವೆಲ್ ಪಟ್ಟಣದ ಏಳಿಗೆಯನ್ನು ಹೇಳಿದರೆ ಆ ಚರಿತ್ರೆ ಅರ್ಧ ಸತ್ಯವಾಗುತ್ತದೆ.

ಕರ್ನಾಟಕದಲ್ಲಿ ಈ ಮಾದರಿಗೆ ಹತ್ತಿರವಾದದ್ದು ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸ್. ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಬಂಡೆಯ ನೆತ್ತಿಯಲ್ಲಿ, 1885ರಲ್ಲಿ ಸ್ಥಾಪನೆಯಾದ ಕಂಪನಿಯೊಂದು ನೂಲಿನ ಗಿರಣಿಯನ್ನು ಕಟ್ಟಿತು. ಅದರ ಸುತ್ತ ಕಾರ್ಮಿಕರ ವಸತಿಗಳು ಎದ್ದು ಒಂದು ಊರೇ ಆಯಿತು. ಯಾದಗಿರಿ ಸೀಮೆಯಲ್ಲಿಯೂ ನೀರು ಇಳಿಯುವ ಜಾಗವಿಲ್ಲವೆಂದಲ್ಲ. ನಾರಾಯಣಪುರದ ಆಸುಪಾಸಿನ ಛಾಯಾ ಭಗವತಿಯ ಬಳಿ ಕೃಷ್ಣೆ ಬಂಡೆಗಳ ನಡುವೆ ರಭಸದಿಂದ ಇಳಿಯುತ್ತದೆ. ಆದರೆ ಆ ನೀರಿನ ದಂಡೆಯಲ್ಲಿ ನೂಲಿನ ಗಿರಣಿ ಏಳಲಿಲ್ಲ. ಇಲ್ಲಿ ಗಿರಣಿ ಬಂದದ್ದು ಬೆಳೆಯನ್ನು ಹುಡುಕಿಕೊಂಡು. ಬೆಳೆ ಸಾಗಿದ್ದು ರೈಲನ್ನು ಹುಡುಕಿಕೊಂಡು.

ರೈಲಿಗಿಂತ ಮೊದಲು ಈ ಸೀಮೆಯ ಹಿರಿಯ ಊರು ಸುರಪುರವೇ. ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಭೂಮಿಯನ್ನು, ಅಂದರೆ ಎರಡು ನದಿಗಳ ನಡುವೆ ಬರುವ ದೋಆಬ್ ಪ್ರದೇಶವನ್ನು, ಆಳುತ್ತಿದ್ದ ಬೇಡ ನಾಯಕರು 1705ರಲ್ಲಿ ವಾಗಣಗೇರಾ ಕೋಟೆಗೆ ಸ್ವತಃ ಔರಂಗಜೇಬನೇ ಮುತ್ತಿಗೆ ಹಾಕಿದಾಗ ತಿಂಗಳುಗಟ್ಟಲೆ ಎದುರಿಸಿ ನಿಂತವರು. ಬಳಿಕ ಸುರಪುರವನ್ನು ಕೇಂದ್ರವಾಗಿಸಿಕೊಂಡು ಅರಮನೆ, ವೇಣುಗೋಪಾಲಸ್ವಾಮಿ ದೇವಾಲಯ, ಬಂಗಾರದ ರೇಖುಗಳನ್ನು ಬಳಸುವ ಚಿತ್ರಕಲೆಯ ಪರಂಪರೆ ಇವೆಲ್ಲವನ್ನೂ ಅವರು ಪೋಷಿಸಿದರು. ಇಂಥ ರಾಜಧಾನಿಯ ನೆಲೆಯನ್ನು ಆರಿಸುವಾಗ ನೋಡುತ್ತಿದ್ದುದು ಶತ್ರು ಸುಲಭವಾಗಿ ಏರಲಾರದ ಬೆಟ್ಟವನ್ನೇ ಹೊರತು ಬಂಡಿ ಸಲೀಸಾಗಿ ತಲುಪುವ ಬಯಲನ್ನಲ್ಲ. ಅರಸ ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದ 1840ರ ದಶಕದಲ್ಲಿ ಬ್ರಿಟಿಷರ ಪರವಾಗಿ ಇಲ್ಲಿ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ರಸ್ತೆ ಮತ್ತು ಕೆರೆಗಳ ಕೆಲಸ ಮಾಡಿಸಿದನು. ಸುರಪುರದ ಬೆಟ್ಟದ ಮೇಲಿನ ಅವನ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಪ್ರಸಿದ್ಧ. ವೆಂಕಟಪ್ಪ ನಾಯಕರು 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಅದೇ ವರ್ಷ ತೀರಿಕೊಂಡರು. ಸಂಸ್ಥಾನವನ್ನು ವಶಪಡಿಸಿಕೊಂಡ ಬ್ರಿಟಿಷರು 1860ರಲ್ಲಿ ಅದನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. ಅರಸೊತ್ತಿಗೆ ಹೋದ ಮೇಲೆ ಅದನ್ನೇ ನೆಚ್ಚಿದ್ದ ಊರಿನ ಕಳೆಯೂ ಕುಂದಿತು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. 1861ರಿಂದ 1865ರವರೆಗಿನ ಆ ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ, ಅವು ಭಾರತದ ಹತ್ತಿಯ ಕಡೆ ತಿರುಗಿದವು. ಮುಂಬಯಿಯ ಪೇಟೆಯಲ್ಲಿ ಬೆಲೆ ಹಲವು ಪಟ್ಟು ಏರಿತು. ದಖ್ಖನಿನ ಎರೆಭೂಮಿಯ, ಅಂದರೆ ಕಪ್ಪು ಮಣ್ಣಿನ ಹೊಲಗಳ ಹತ್ತಿಗೆ ಹೊರದೇಶದ ಗಿರಾಕಿ ಹುಟ್ಟಿಕೊಂಡನು. ಯುದ್ಧ ಮುಗಿದು ಬೆಲೆ ಕುಸಿದರೂ ಹತ್ತಿಯನ್ನು ಬಂದರಿಗೆ ಸಾಗಿಸುವ ದಾರಿಗಳ ಕೆಲಸ ನಿಲ್ಲಲಿಲ್ಲ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೂಲಕ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರನ್ನು ತಲುಪಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ವಾಡಿಗೂ ರಾಯಚೂರಿಗೂ ನಡುವೆ ಈ ಹಳಿ ಭೀಮೆಯನ್ನು ದಾಟದೆ ಅದರ ಪೂರ್ವದ ಮಗ್ಗುಲಲ್ಲೇ ಸಾಗುತ್ತದೆ. ಆ ಮಗ್ಗುಲಲ್ಲಿದ್ದ ಊರು ಯಾದಗಿರಿ. ಶಹಾಪುರ ಮತ್ತು ಸುರಪುರಗಳು ನದಿಯ ಆಚೆಗೆ ಉಳಿದವು.

ಈ ಒಂದು ಭೌಗೋಳಿಕ ಸಂಗತಿಯ ಪರಿಣಾಮ ದೊಡ್ಡದು. ದೋಆಬಿನ ಹತ್ತಿ, ಜೋಳ, ಎಣ್ಣೆಕಾಳುಗಳು ರೈಲು ಹತ್ತಬೇಕಾದರೆ ಬಂಡಿಗಳು ಭೀಮೆಯನ್ನು ದಾಟಿ ಯಾದಗಿರಿಯ ಕಡೆಗೇ ಬರಬೇಕಾಯಿತು. ಬೆಳೆ ಬಂದಲ್ಲಿ ಅಡತ್ ಅಂಗಡಿ ತೆರೆಯಿತು. ರೈತನ ಮಾಲನ್ನು ಇಳಿಸಿಕೊಂಡು, ಮಾರಿಸಿಕೊಟ್ಟು, ಅದಕ್ಕಾಗಿ ಕಮಿಷನ್ ಪಡೆದು, ಬಿತ್ತನೆಯ ಕಾಲದಲ್ಲಿ ಸಾಲವನ್ನೂ ಕೊಡುವ ಮಧ್ಯವರ್ತಿಯ ಅಂಗಡಿಗೆ ಆ ಹೆಸರು. ಅಡತ್ ಅಂಗಡಿಗಳು, ಗೋದಾಮುಗಳು, ತೂಕದ ಕಾಟಾ, ಮೂಟೆ ಹೊರುವ ಹಮಾಲರು ಒಂದೆಡೆ ಸೇರಿದ ಪೇಟೆಯ ಭಾಗಕ್ಕೆ ಹೈದರಾಬಾದ್ ಸಂಸ್ಥಾನದ ಊರುಗಳಲ್ಲಿ ಗಂಜ್ ಎಂದು ಕರೆಯುವುದು ರೂಢಿ. ಯಾದಗಿರಿಯಲ್ಲಿಯೂ ಆ ಹೆಸರು ಉಳಿದಿದೆ. ನಿಜಾಮನ ಸರ್ಕಾರ 1930ರಲ್ಲಿ ಕೃಷಿ ಮಾರುಕಟ್ಟೆಗಳ ಕಾಯ್ದೆಯನ್ನು ತಂದು ತೂಕ, ಕಮಿಷನ್ ಮತ್ತು ವಹಿವಾಟುಗಳನ್ನು ಒಂದು ನಿಯಮದಡಿ ತರಲು ತೊಡಗಿತು. ಇಂದಿನ ಎಪಿಎಂಸಿಗಳಿಗೆ ಈ ಭಾಗದಲ್ಲಿ ಆ ಕಾಯ್ದೆಯೇ ಹಿರಿಯದು.

ಮಾರುಕಟ್ಟೆಯ ಬೆನ್ನಿಗೆ ಗಿರಣಿ ಬಂದದ್ದಕ್ಕೆ ಕಾರಣ ಹತ್ತಿಯ ಗುಣದಲ್ಲೇ ಇದೆ. ಗಿಡದಿಂದ ಬಿಡಿಸಿದ ಹತ್ತಿಯಲ್ಲಿ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಬೀಜವೇ ಇರುತ್ತದೆ. ನೂರು ಕಿಲೋ ಹತ್ತಿಯಿಂದ ಮೂವತ್ತೈದು ಕಿಲೋಗಿಂತ ಹೆಚ್ಚು ಅರಳೆ, ಅಂದರೆ ಬೀಜ ತೆಗೆದ ನಾರು, ದೊರೆಯುವುದು ಕಷ್ಟ. ಬೀಜಸಮೇತ ರೈಲಿಗೆ ಹಾಕಿದರೆ ಬಾಡಿಗೆಯ ಬಹುಪಾಲು ಬೀಜಕ್ಕೇ ಹೋಗುತ್ತದೆ. ಆದ್ದರಿಂದ ಬೀಜ ಬೇರ್ಪಡಿಸುವ ಜಿನ್ ಬೆಳೆಯ ಸಮೀಪದಲ್ಲೇ ಇರಬೇಕು. ಅಮೆರಿಕದಲ್ಲಿ ಎಲಿ ವಿಟ್ನಿ 1790ರ ದಶಕದಲ್ಲಿ ರೂಪಿಸಿದ ಹಲ್ಲುಚಕ್ರದ ಜಿನ್ ಭಾರತದ ಗಿಡ್ಡ ಎಳೆಯ ಹತ್ತಿಗೆ ಅಷ್ಟಾಗಿ ಒಗ್ಗಲಿಲ್ಲ. ಇಲ್ಲಿ ನೆಲೆಯೂರಿದ್ದು ಉರುಳೆಯ ಜಿನ್. ಅದರಲ್ಲಿ ಚರ್ಮ ಹೊದಿಸಿದ ಉರುಳೆ ನಾರನ್ನು ಹಿಡಿದೆಳೆಯುತ್ತದೆ, ಒತ್ತಿ ನಿಂತ ಅಲಗು ಬೀಜವನ್ನು ತಡೆಯುತ್ತದೆ, ಎದುರಿನಿಂದ ಬಡಿಯುವ ಇನ್ನೊಂದು ಪಟ್ಟಿ ಬೀಜವನ್ನು ಕೆಳಕ್ಕೆ ಕೆಡವುತ್ತದೆ. ಬಿಡಿಯಾದ ಅರಳೆ ವಿಪರೀತ ಜಾಗ ಹಿಡಿಯುವುದರಿಂದ ಅದನ್ನು ಪ್ರೆಸ್ಸಿನಲ್ಲಿ ಅದುಮಿ ಬೇಲ್ ಕಟ್ಟುತ್ತಾರೆ. ಇಂದಿನ ಭಾರತೀಯ ಬೇಲಿನ ತೂಕ 170 ಕಿಲೋ. ಉಳಿದ ಬೀಜ ಎಣ್ಣೆಗೂ ದನಗಳ ಹಿಂಡಿಗೂ ಹೋಗುತ್ತದೆ. ಶೇಂಗಾ ಮತ್ತು ತೊಗರಿಗೂ ಇದೇ ತರ್ಕ ಅನ್ವಯಿಸುತ್ತದೆ. ಊರೂರಿನ ಗಾಣಗಳಲ್ಲಿ ಎತ್ತು ತಿರುಗಿ ತೆಗೆಯುತ್ತಿದ್ದ ಎಣ್ಣೆ ಪಟ್ಟಣದ ಮಿಲ್ಲಿಗೆ ಹೋಯಿತು. ಮನೆಯ ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದ ಬೇಳೆ ಬೇಳೆ ಮಿಲ್ಲಿಗೆ ಹೋಯಿತು.

ಆದರೆ ಅರಳೆ ಮಾತ್ರ ಇಲ್ಲಿ ನಿಲ್ಲಲಿಲ್ಲ. ಅದೇ ಹಳಿಯ ಮೇಲೆ ಸೊಲ್ಲಾಪುರದಲ್ಲಿ 1870ರ ದಶಕದಲ್ಲಿಯೂ ಕಲಬುರಗಿಯಲ್ಲಿ 1880ರ ದಶಕದಲ್ಲಿಯೂ ನೂಲು ಮತ್ತು ನೇಯ್ಗೆಯ ದೊಡ್ಡ ಗಿರಣಿಗಳು ಹುಟ್ಟಿದವು. ನಿಜಾಮ ಮೆಹಬೂಬ್ ಅಲಿ ಖಾನನ ಹೆಸರು ಹೊತ್ತ ಕಲಬುರಗಿಯ ಮೆಹಬೂಬ್ ಶಾಹಿ ಗಿರಣಿ, ಜನರ ಬಾಯಲ್ಲಿ ಎಂಎಸ್‌ಕೆ ಮಿಲ್, ಹಲವು ತಲೆಮಾರುಗಳ ಕಾರ್ಮಿಕರನ್ನು ಸಾಕಿ ಕೊನೆಗೆ ಮುಚ್ಚಿಹೋದರೂ ಅದರ ಸುತ್ತಲಿನ ಬಡಾವಣೆ ಇಂದಿಗೂ ಮಿಲ್ಲಿನ ಹೆಸರಿನಲ್ಲೇ ಇದೆ. ಅಂಥ ಗಿರಣಿ ವರ್ಷವಿಡೀ ನಡೆಯುತ್ತದೆ, ಪಾಳಿಗಳಲ್ಲಿ ನಡೆಯುತ್ತದೆ, ಕಸುಬು ಕಲಿತ ಕಾರ್ಮಿಕನನ್ನು ಬೇಡುತ್ತದೆ. ಆ ಕಾರ್ಮಿಕನ ಸಂಸಾರಕ್ಕೆ ಮನೆ, ಶಾಲೆ, ಅಂಗಡಿ ಬೇಕಾಗುತ್ತವೆ. ಜಿನ್ನಿನ ಬದುಕು ಹತ್ತಿಯ ಹಂಗಾಮಿನೊಂದಿಗೆ, ಅಂದರೆ ಚಳಿಗಾಲದ ಮೊದಲಿನಿಂದ ಬೇಸಿಗೆಯ ಆರಂಭದವರೆಗಿನ ಕೆಲವೇ ತಿಂಗಳುಗಳೊಂದಿಗೆ ಮುಗಿಯುತ್ತದೆ. ಯಾದಗಿರಿಯಲ್ಲಿ ಸಾವುಕಾರರೂ ಗೋದಾಮುಗಳೂ ಹೆಚ್ಚಿ, ಖಾಯಂ ಕಾರ್ಮಿಕರ ದೊಡ್ಡ ವಸತಿಗಳು ಹೆಚ್ಚದೇ ಹೋದದ್ದಕ್ಕೆ ಈ ವ್ಯತ್ಯಾಸವೇ ಮುಖ್ಯ ಕಾರಣವೆನ್ನಬೇಕು. ಜನರ ಸೋಮಾರಿತನವನ್ನೋ ಸೀಮೆಯ ಹಣೆಬರಹವನ್ನೋ ದೂರುವ ವಿವರಣೆಗಳು ಈ ಜನರಿಗೆ ಮಾಡುವ ಅನ್ಯಾಯ.

ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಈ ಭಾಗ ಕನ್ನಡ ನಾಡಿನ ಆಡಳಿತಕ್ಕೆ ಸೇರಿತು. ಮುಂದಿನ ದೊಡ್ಡ ಬದಲಾವಣೆ ಕೃಷ್ಣಾ ಮೇಲ್ದಂಡೆ ಯೋಜನೆಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದ ಈ ಯೋಜನೆಯಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯ ಶಹಾಪುರ ಶಾಖೆ, ಮುಡಬಾಳ ಶಾಖೆ ಮುಂತಾದವುಗಳ ಮೂಲಕ ದೋಆಬಿನ ಒಣನೆಲಕ್ಕೆ ನೀರು ಹರಿಯತೊಡಗಿತು. ಗೋಕಾಕದಲ್ಲಿ ಗಿರಣಿಯನ್ನು ತಿರುಗಿಸಿದ ಘಟಪ್ರಭೆಯ ನೀರೂ ಕೃಷ್ಣೆಯಲ್ಲಿ ಬೆರೆತು ಇದೇ ಜಲಾಶಯಕ್ಕೆ ಬರುತ್ತದೆ. ಅಲ್ಲಿ ಅದು ನೇರವಾಗಿ ಯಂತ್ರಕ್ಕೆ ಬಲವಾಯಿತು, ಇಲ್ಲಿ ಹೊಲಗಳ ಸುತ್ತುಹಾದಿಯಲ್ಲಿ ಗಿರಣಿಯನ್ನು ಹುಟ್ಟಿಸಿತು.

ಕಾಲುವೆಯ ಜೊತೆಗೇ ಹೊಸ ವಸತಿಗಳು ಬಂದವು. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಯೋಜನೆಯ ಕಚೇರಿಗಳು ಮತ್ತು ನೌಕರರ ಮನೆಗಳು ಸೇರಿ ಒಂದು ಕಾಲನಿಯಾಯಿತು, ಮುಂದೆ ಅಲ್ಲಿ ಕೃಷಿ ಕಾಲೇಜೂ ಬಂದಿತು. ಭತ್ತದ ಬೇಸಾಯದಲ್ಲಿ ಪಳಗಿದ್ದ ಆಂಧ್ರದ ರೈತರು ಭೂಮಿ ಕೊಂಡು ಅಥವಾ ಲಾವಣಿಗೆ ಹಿಡಿದು ಕ್ಯಾಂಪ್ ಎಂದು ಹೆಸರಾದ ಚಿಕ್ಕ ಊರುಗಳಲ್ಲಿ ನೆಲೆಸಿದರು. ಯೋಜನೆಯ ಮೂಲ ಲೆಕ್ಕಾಚಾರದಲ್ಲಿ ಭತ್ತಕ್ಕೆ ಜಾಗವಿರಲಿಲ್ಲ. ಕಡಿಮೆ ನೀರು ಬೇಡುವ ಬೆಳೆಗಳನ್ನು ಹೆಚ್ಚು ರೈತರ ಹೊಲಗಳಲ್ಲಿ ಬೆಳೆಯಲಿ ಎಂಬುದು ಉದ್ದೇಶವಾಗಿತ್ತು. ಆದರೂ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಯ ಭಾಗದ ರೈತರು ನೀರಿಗಾಗಿ ಕಾಯುವಂತಾಯಿತು, ಎರೆಭೂಮಿಯ ಕೆಲವೆಡೆ ಜೌಗು ಮತ್ತು ಸವಳು ಕಾಣಿಸಿಕೊಂಡವು. ಭತ್ತ ಬಂದಲ್ಲಿಗೆ ಹೊಟ್ಟು ಬಿಡಿಸಿ, ತೌಡು ತೆಗೆದು, ಅಕ್ಕಿಯನ್ನು ಚೀಲಕ್ಕೆ ತುಂಬುವ ಗಿರಣಿಗಳೂ ಬಂದವು. ನೀರಾವರಿಯಲ್ಲಿ ಬೆಳೆದ ಹತ್ತಿಗೆ ಶಹಾಪುರದಲ್ಲೇ ಜಿನ್ನುಗಳು ಎದ್ದವು. ಭೀಮೆಗೆ ಸೇತುವೆಗಳಾಗಿ ಲಾರಿಗಳು ಓಡತೊಡಗಿದ್ದರಿಂದ ಯಾದಗಿರಿಯ ನಿಲ್ದಾಣಕ್ಕೆ ಬಂಡಿ ಹೊಡೆಯಬೇಕಾದ ಹಳೆಯ ಕಟ್ಟುಪಾಡು ಸಡಿಲವಾಯಿತು. 2011ರ ಜನಗಣತಿಯ ಹೊತ್ತಿಗೆ ಯಾದಗಿರಿಯ ಜನಸಂಖ್ಯೆ ಸುಮಾರು 74 ಸಾವಿರವಿದ್ದರೆ ಶಹಾಪುರ, ಸುರಪುರಗಳೆರಡೂ 50 ಸಾವಿರವನ್ನು ದಾಟಿದ್ದವು.

ಅದೇ ಜನಗಣತಿಯಲ್ಲಿ, ಆಗಷ್ಟೇ ರಾಜ್ಯದ 30ನೆಯ ಜಿಲ್ಲೆಯಾಗಿದ್ದ ಯಾದಗಿರಿಯ ಸಾಕ್ಷರತೆ ಶೇ 52ರಷ್ಟಿದ್ದು, ರಾಜ್ಯದಲ್ಲೇ ಅತಿ ಕಡಿಮೆಯಾಗಿತ್ತು. ಇಷ್ಟು ಗಿರಣಿಗಳಿದ್ದೂ ಸುಗ್ಗಿ ಮುಗಿದ ಮೇಲೆ ಸಂಸಾರಸಮೇತ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಈ ಜಿಲ್ಲೆಯಲ್ಲಿ ನಿಂತಿಲ್ಲ. ಗುಳೆ ಹೋದ ತಾಯ್ತಂದೆಯರ ಜೊತೆ ಮಕ್ಕಳೂ ಶಾಲೆ ಬಿಡುತ್ತಾರೆ. ಶಾಲೆ ಬಿಟ್ಟವರಿಗೆ ಮುಂದೆ ಕುಶಲ ಕೆಲಸ ಸಿಗುವುದು ಕಷ್ಟವಾಗುತ್ತದೆ. ಲೋವೆಲ್ ಪಟ್ಟಣದ ತರುಣಿಯರು ಹಳ್ಳಿಯಿಂದ ಹತ್ತಿರದ ಗಿರಣಿಗೆ ಹೋಗಿ ಕೂಲಿ ಗಳಿಸಿದರು. ಯಾದಗಿರಿಯ ಹೆಣ್ಣುಮಕ್ಕಳು ತಮ್ಮ ಹೊಲದ ಹತ್ತಿ ನೂಲಾಗುವ ಊರಿಗಿಂತಲೂ ದೂರ ಹೋಗಿ ಇಟ್ಟಿಗೆ ಹೊರುತ್ತಾರೆ.

ಈಗ ಇದೇ ಜಿಲ್ಲೆಯ ಸೈದಾಪುರದ ಕಡೆಯ ಕಡೇಚೂರು–ಬಾಡಿಯಾಳ ಗ್ರಾಮಗಳ ಸಾವಿರಾರು ಎಕರೆಯಲ್ಲಿ ಕೈಗಾರಿಕಾ ಪ್ರದೇಶವೊಂದು ರೂಪುಗೊಂಡಿದ್ದು, ರೈಲು ಬೋಗಿಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೂ ಔಷಧ ಮತ್ತು ರಾಸಾಯನಿಕ ಘಟಕಗಳೂ ಅಲ್ಲಿಗೆ ಬಂದಿವೆ. ಸ್ಥಳೀಯರಿಗೆ ಕೆಲಸ ಸಾಲದೆಂಬ ದೂರಿನ ಜೊತೆ ಗಾಳಿ ಕೆಡುತ್ತಿದೆಯೆಂಬ ದೂರೂ ಕೇಳಿಬರುತ್ತಿದೆ. ಹತ್ತಿಯ ವಿಷಯದಲ್ಲಿ ಹೆಚ್ಚು ಮಹತ್ವದ್ದು 2023ರಲ್ಲಿ ಕೇಂದ್ರ ಸರ್ಕಾರ ಕಲಬುರಗಿಗೆ ಘೋಷಿಸಿದ ಪಿಎಂ ಮಿತ್ರ ಜವಳಿ ಪಾರ್ಕ್. ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲವೂ ಒಂದೇ ಆವರಣದಲ್ಲಿ ನಡೆಯಬೇಕೆಂಬುದು ಅದರ ಉದ್ದೇಶ. ಆ ಯೋಜನೆ ಈಡೇರಿದರೆ ಶಹಾಪುರದ ಜಿನ್ನಿನಲ್ಲಿ ಕಟ್ಟಿದ ಬೇಲ್ ಬಟ್ಟೆಯಾಗುವುದಕ್ಕೆ ನೆರೆಯ ಜಿಲ್ಲೆಗಿಂತ ದೂರ ಹೋಗಬೇಕಾಗಿಲ್ಲ.