ಡಾಲಿಗಿಂತ ಮೊದಲೇ ಬಂದ ಬಭ್ರುವಾಹನ

ಮನುಷ್ಯರ ತದ್ರೂಪು ಸೃಷ್ಟಿಯ ಕಥೆ ಹೇಳುವ ಹಾಲಿವುಡ್ ಸಿನಿಮಾಗಳಲ್ಲಿ ವಿಜ್ಞಾನ ಎಷ್ಟೇ ಇರಲಿ, ತೆರೆಯ ಮೇಲೆ ನಾವು ನೋಡುವುದು ನಮಗೆ ಚಿರಪರಿಚಿತವಾದ ದ್ವಿಪಾತ್ರವನ್ನೇ. 2005ರಲ್ಲಿ ಬಂದ ‘ದಿ ಐಲ್ಯಾಂಡ್’ ನೋಡಿ. ಹೊರಗಿನ ಲೋಕವೆಲ್ಲ ವಿಷಮಯವಾಗಿದೆ ಎಂದು ನಂಬಿಸಿ ಜನರನ್ನು ಒಂದು ಕಟ್ಟಡದೊಳಗೆ ಸಾಕುತ್ತಾರೆ. ಲಾಟರಿ ಹೊಡೆದವರಿಗೆ ಸುಂದರ ದ್ವೀಪಕ್ಕೆ ಹೋಗುವ ಭಾಗ್ಯ. ಅಸಲಿಗೆ ಅವರೆಲ್ಲ ಹೊರಗಿರುವ ಸಿರಿವಂತರ ತದ್ರೂಪಿಗಳು. ಲಾಟರಿ ಹೊಡೆದ ದಿನವೇ ಅಂಗಾಂಗ ಕೀಳುವ ದಿನ. ಗುಟ್ಟು ತಿಳಿದ ನಾಯಕ ತಪ್ಪಿಸಿಕೊಂಡು ಹೋಗಿ ತನ್ನ ಮೂಲ ವ್ಯಕ್ತಿಯ ಎದುರು ನಿಲ್ಲುತ್ತಾನೆ. ಎರಡೂ ಪಾತ್ರ ಇವಾನ್ ಮೆಕ್‌ಗ್ರೆಗರ್ ಅವರದ್ದೇ.

ಒಂದೇ ಮುಖ, ಮುಚ್ಚಿಟ್ಟ ಹುಟ್ಟು, ಕೊನೆಗೆ ಬಯಲಾಗುವ ಸತ್ಯ. ಕನ್ನಡ ಚಿತ್ರರಂಗ ಇದೇ ಬಂಡವಾಳದ ಮೇಲೆ ಎಷ್ಟೋ ನೂರು ದಿನದ ಚಿತ್ರಗಳನ್ನು ಕೊಟ್ಟಿದೆ. ಅದನ್ನು ಎತ್ತರಕ್ಕೆ ಒಯ್ದವರು ನಮ್ಮ ಸೀಮೆಯವರು. ಚಾಮರಾಜನಗರದಿಂದ ತಾಳವಾಡಿ ಕಡೆಗೆ ಹೋದರೆ ಗಡಿಯಾಚೆ ಸಿಗುವ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು, ಮುಂದೆ ರಾಜ್‌ಕುಮಾರ್ ಎಂದು ಹೆಸರಾದ ಮುತ್ತುರಾಜ ಹುಟ್ಟಿದರು. ಊರು ತಮಿಳುನಾಡಿನ ಲೆಕ್ಕಕ್ಕೆ ಸೇರಿರಬಹುದು. ಗುಂಡ್ಲುಪೇಟೆ, ಚಾಮರಾಜನಗರದ ಜನಕ್ಕೆ ಅಣ್ಣಾವ್ರು ತಮ್ಮೂರಿನವರೇ.

ಮುತ್ತುರಾಜ ಪಳಗಿದ್ದು ಕಂಪನಿ ನಾಟಕಗಳಲ್ಲಿ. ರಂಗದ ಮೇಲೆ ಒಬ್ಬ ನಟ ಒಂದೇ ರಾತ್ರಿ ನಾಲ್ಕು ವೇಷ ಕಟ್ಟಬಹುದು, ಆದರೆ ತನ್ನ ಎದುರಿಗೆ ತಾನೇ ನಿಲ್ಲಲಾರ. ಅದು ಸಾಧ್ಯವಾಗಲು ಕ್ಯಾಮೆರಾ ಬರಬೇಕಾಯಿತು. ಫ್ರಾನ್ಸಿನ ಜಾರ್ಜ್ ಮೆಲಿಯೆ 1900ರಲ್ಲೇ ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರೀಕರಿಸಿ, ತಾನೊಬ್ಬನೇ ಏಳು ಜನರ ವಾದ್ಯಗೋಷ್ಠಿಯಾಗಿ ಕಾಣಿಸಿಕೊಂಡಿದ್ದ. ಭಾರತದಲ್ಲಿ 1917ರ ‘ಲಂಕಾ ದಹನ’ದಲ್ಲಿ ಫಾಲ್ಕೆಯವರು ಸಾಳುಂಕೆ ಎಂಬ ನಟನಿಂದ ರಾಮ, ಸೀತೆ ಎರಡೂ ಪಾತ್ರ ಮಾಡಿಸಿದರು. ರಾಜ್‌ಕುಮಾರ್ ಮೊದಲ ಬಾರಿಗೆ ದ್ವಿಪಾತ್ರದಲ್ಲಿ ಬಂದದ್ದು 1963ರ ‘ಸತಿ ಶಕ್ತಿ’ಯಲ್ಲಿ.

ಇಂದು ಕಂಪ್ಯೂಟರ್ ಮಾಡುವ ಈ ಕೆಲಸಕ್ಕೆ ಅಂದು ಬಳಸುತ್ತಿದ್ದದ್ದು ಮಾಸ್ಕ್. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗದಂತೆ ಬಿಗಿದು, ಲೆನ್ಸಿನ ಮುಂದಿನ ಅರ್ಧ ಭಾಗವನ್ನು ಕಪ್ಪು ತಗಡಿನಿಂದ ಮುಚ್ಚುತ್ತಿದ್ದರು. ಎಡಗಡೆ ಅಣ್ಣನ ಮಾತು ಮುಗಿಸಿ, ಫಿಲ್ಮನ್ನು ಸರಿಯಾಗಿ ಮೊದಲಿನ ಫ್ರೇಮಿಗೆ ಹಿಂದಕ್ಕೆ ಸುತ್ತಿ, ತಗಡನ್ನು ಎಡಬದಿಗೆ ಸರಿಸಿ, ವೇಷ ಬದಲಿಸಿ ಬಂದ ಅದೇ ನಟನಿಂದ ಬಲಗಡೆ ತಮ್ಮನ ಮಾತು. ನಟ ಎದುರಿಗಿಲ್ಲದವನ ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಕು, ಅವನ ಮಾತಿಗೆ ಬೇಕಾದಷ್ಟು ಹೊತ್ತು ಲೆಕ್ಕವಿಟ್ಟು ಬಿಡಬೇಕು, ನಡುವಿನ ಗೆರೆ ದಾಟಕೂಡದು. ದಾಟಿದರೆ ಕೈ ಅರ್ಧಕ್ಕೇ ಮಾಯ! ಗೆರೆ ಕಾಣದಿರಲೆಂದು ಕಂಬವನ್ನೋ ಬಾಗಿಲ ಚೌಕಟ್ಟನ್ನೋ ನಡುವೆ ತರುವುದಿತ್ತು. ಅಪ್ಪಿಕೊಳ್ಳುವ, ಹೊಡೆದಾಡುವ ದೃಶ್ಯಗಳಿಗೆ ಬೆನ್ನು ಮಾತ್ರ ಕಾಣುವ ಡ್ಯೂಪ್. ಇಷ್ಟು ಕಟ್ಟುಪಾಡಿನೊಳಗೆ ಎರಡು ಬೇರೆ ಬೇರೆ ಜೀವಗಳನ್ನು ನಂಬಿಸುವುದು ಸಣ್ಣ ಸಾಧನೆಯೇನಲ್ಲ. 1978ರ ‘ಶಂಕರ್ ಗುರು’ವಿನಲ್ಲಿ ಅಣ್ಣಾವ್ರು ತಂದೆ ಮತ್ತು ಇಬ್ಬರು ಅವಳಿ ಮಕ್ಕಳಾಗಿ ಮೂರು ಪಾತ್ರ ಮಾಡಿದರು. ಕಥೆ ತಮಿಳಿನಲ್ಲಿ ಶಿವಾಜಿ ಗಣೇಶನ್‌ಗೆ ‘ತ್ರಿಶೂಲಂ’ ಆಯಿತು, ಹಿಂದಿಯಲ್ಲಿ ಅಮಿತಾಭ್ ಬಚ್ಚನ್‌ಗೆ ‘ಮಹಾನ್’ ಆಯಿತು.

ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿನ ವರ್ಷದ ‘ಬಭ್ರುವಾಹನ’. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ಈ ಚಿತ್ರದಲ್ಲಿ ಅರ್ಜುನನೂ ರಾಜ್‌ಕುಮಾರ್, ಅವನನ್ನು ಎದುರಿಸುವ ಮಗನೂ ರಾಜ್‌ಕುಮಾರ್. ನೀನು ನನ್ನ ಮಗನೇ ಅಲ್ಲ ಎಂದು ಅರ್ಜುನ ಜರೆಯುತ್ತಾನೆ. ಮುಖ ಮಾತ್ರ ಬೇರೆಯೇ ಸಾಕ್ಷಿ ಹೇಳುತ್ತಿರುತ್ತದೆ. ವಿಜ್ಞಾನದ ಕಣ್ಣಿನಿಂದ ನೋಡಿದರೆ ಈ ಜೋಡಿ ಹಾಲಿವುಡ್ಡಿನ ತದ್ರೂಪಿಗಳಿಗಿಂತ ನಿಜಕ್ಕೆ ಹತ್ತಿರ. ‘ದಿ ಐಲ್ಯಾಂಡ್’ನಲ್ಲಿ ಬೆಳೆದ ಆಳುಗಳೇ ಪ್ರಯೋಗಾಲಯದಿಂದ ಎದ್ದು ಬರುತ್ತಾರೆ. ನಿಜದಲ್ಲಿ ಹಾಗಾಗದು. ತದ್ರೂಪಿ ಕೂಸಾಗಿಯೇ ಹುಟ್ಟಬೇಕು, ಗರ್ಭದಲ್ಲೇ ಬೆಳೆಯಬೇಕು. ಮೂಲ ವ್ಯಕ್ತಿಗಿಂತ ಅದು ಒಂದು ತಲೆಮಾರು ಚಿಕ್ಕದು.

1996ರ ಜುಲೈ 5ರಂದು ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಕುರಿಮರಿ ಡಾಲಿಯ ವಿಷಯದಲ್ಲಿ ಆದದ್ದೂ ಅದೇ. ಆರು ವರ್ಷದ ಬಿಳಿ ಮುಖದ ಕುರಿಯ ಕೆಚ್ಚಲಿನ ಕೋಶ, ಕಪ್ಪು ಮುಖದ ಇನ್ನೊಂದು ತಳಿಯ ಕುರಿಯ ಅಂಡಾಣು, ಹೊತ್ತು ಹೆರಲು ಮತ್ತೊಂದು ಕಪ್ಪು ಮುಖದ ಕುರಿ. ಹೆತ್ತವಳ ಮುಖ ಕಪ್ಪು, ಮರಿಯ ಮುಖ ಬಿಳಿ. ಪ್ರಯೋಗ ಗೆದ್ದದ್ದು ನೋಡಿದವರಿಗೇ ಗೊತ್ತಾಗುವಂತಿತ್ತು. ಹೀಗೆ ಬೆಸೆದ 277 ಅಂಡಾಣುಗಳಲ್ಲಿ ಉಳಿದು ಬೆಳೆದದ್ದು ಅದೊಂದೇ ಮರಿ. ಸುದ್ದಿಯನ್ನು 1997ರ ಫೆಬ್ರುವರಿವರೆಗೂ ಗುಟ್ಟಾಗಿಟ್ಟಿದ್ದರು. ಡಾಲಿ 2003ರ ಫೆಬ್ರುವರಿ 14ರಂದು ಸತ್ತಿತು.

ಆ 277ರ ಲೆಕ್ಕವನ್ನು ಹೆಣ್ಣುಮಕ್ಕಳ ಮೇಲೆ ಇಟ್ಟು ನೋಡಿದರೆ ಮೈ ನಡುಗುತ್ತದೆ. ಎಷ್ಟು ಅಂಡಾಣುಗಳು, ಎಷ್ಟು ಗರ್ಭಪಾತಗಳು? ಮನುಷ್ಯರ ತದ್ರೂಪು ಹುಟ್ಟಿಸುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ನಿಷೇಧಿಸಿರುವುದು ಸರಿಯಾಗಿಯೇ ಇದೆ.

ಹಾಲಿವುಡ್ಡಿನ ಕಥೆಗಳಲ್ಲಿ ಪ್ರಯೋಗಾಲಯವಿದೆ, ಓಟವಿದೆ, ಹೊಡೆದಾಟವಿದೆ. ತಾಯಿಗೆ ಮಾತ್ರ ಜಾಗವಿಲ್ಲ. ನಮ್ಮ ಅವಳಿ ಮಕ್ಕಳ ಚಿತ್ರಗಳಲ್ಲಿ ಗುಟ್ಟು ಬಯಲಾಗುವುದು ಹೆಚ್ಚಾಗಿ ಅಮ್ಮನ ಬಾಯಿಂದ. ಕೋಶ ಕೊಟ್ಟವಳು, ಅಂಡಾಣು ಕೊಟ್ಟವಳು, ಹೆತ್ತವಳು, ಈ ಮೂವರಲ್ಲಿ ತಾಯಿ ಯಾರು ಎಂದು ಮಗು ಕೇಳಿದರೆ ಯಾರು ಉತ್ತರಿಸಬೇಕು? ತದ್ರೂಪಿನ ಕಥೆಗೆ ಕೈ ಹಾಕುವ ಕನ್ನಡದ ನಿರ್ದೇಶಕರು ಇಂಗ್ಲಿಷ್ ಚಿತ್ರಗಳ ಗಾಜಿನ ಪೆಟ್ಟಿಗೆಗಳನ್ನು ಅತ್ತ ಸರಿಸಿ, ಮೊದಲು ‘ಬಭ್ರುವಾಹನ’ವನ್ನು ಇನ್ನೊಮ್ಮೆ ನೋಡಲಿ. ಆಮೇಲೆ ಆ ಮಗುವಿನ ಪ್ರಶ್ನೆಯಿಂದಲೇ ಚಿತ್ರಕಥೆ ಶುರು ಮಾಡಲಿ.