ಹುಟ್ಟು ಕಿವುಡು: ಕಾಲ ಮೀರುವ ಮುನ್ನ

ಮಾತು ಬಾರದ ಮಗುವನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ‘ಮೂಗ’ ಎನ್ನುವುದುಂಟು. ಆದರೆ ಇಂತಹ ಅನೇಕ ಮಕ್ಕಳ ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳಲ್ಲಿ ಯಾವ ದೋಷವೂ ಇರುವುದಿಲ್ಲ. ದೋಷ ಇರುವುದು ಕಿವಿಯಲ್ಲಿ. ಕೇಳಿಸದ ಮಾತನ್ನು ಮಗು ಕಲಿಯುವುದಾದರೂ ಹೇಗೆ? ಹುಟ್ಟುವ ಸಾವಿರ ಶಿಶುಗಳಲ್ಲಿ ಒಂದರಿಂದ ಮೂರು ಶಿಶುಗಳಿಗೆ ಗಣನೀಯ ಶ್ರವಣದೋಷವಿರುತ್ತದೆ. ಕಿವಿ, ಮೂಗು, ಗಂಟಲು ವೈದ್ಯಶಾಸ್ತ್ರ ಕಳೆದ ಕೆಲವು ದಶಕಗಳಲ್ಲಿ ಸಾಧಿಸಿರುವ ದೊಡ್ಡ ಪ್ರಗತಿಗಳಲ್ಲಿ ಒಂದು ಈ ಮಕ್ಕಳಿಗೆ ಸಂಬಂಧಿಸಿದ್ದು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಯ ಮಗುವಿಗೂ ಅದರ ಫಲ ದೊರೆಯಬೇಕಾದರೆ ಏನೇನು ನಡೆಯಬೇಕೆಂದು ನೋಡೋಣ.

ನಾವು ಕೇಳುವುದು ಹೇಗೆ?

ಶಬ್ದದ ಅಲೆಗಳು ಕಿವಿತಮಟೆಯನ್ನು ಕಂಪಿಸುತ್ತವೆ. ಆ ಕಂಪನವನ್ನು ನಡುಗಿವಿಯ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಒಳಗಿವಿಯ ಕಾಕ್ಲಿಯಕ್ಕೆ ಮುಟ್ಟಿಸುತ್ತವೆ. ಕಾಕ್ಲಿಯವು ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ, ದ್ರವ ತುಂಬಿದ ಕೊಳವೆ. ಬಿಡಿಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಇದರ ಬುಡದ ಭಾಗ ಕೀಚಲು ಸ್ವರಗಳಿಗೆ, ತುದಿಯ ಭಾಗ ಗಡಸು ಸ್ವರಗಳಿಗೆ ಸ್ಪಂದಿಸುತ್ತದೆ. ಈ ಬಗ್ಗೆ ಸಂಶೋಧನೆ ನಡೆಸಿದ ಗಿಯಾರ್ಗ್ ವಾನ್ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಾಕ್ಲಿಯದ ಉದ್ದಕ್ಕೂ ಇರುವ ಸುಮಾರು 15,000 ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ಶ್ರವಣನರಕ್ಕೆ ಒಪ್ಪಿಸುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಕಿವಿ ಸೋರುವಿಕೆ, ತಮಟೆಯ ತೂತು ಮುಂತಾದ ಕಾರಣಗಳಿಂದ ಬರುವ ಕಿವುಡನ್ನು ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಸರಿಪಡಿಸಬಹುದು. ಈಗ ಎಂಡೋಸ್ಕೋಪನ್ನು ಕಿವಿಯ ನಾಳದ ಮೂಲಕವೇ ತೂರಿಸಿ, ಕಿವಿಯ ಹಿಂದೆ ಕೊಯ್ಯದೆ ತಮಟೆಗೆ ತೇಪೆ ಹಾಕುವುದೂ ರೂಢಿಗೆ ಬಂದಿದೆ. ಆದರೆ ಹುಟ್ಟು ಕಿವುಡಿನಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಒಳಗಿವಿ.

ಎರಡು ಪರೀಕ್ಷೆಗಳು

ತಟ್ಟೆ ಬಡಿದಾಗ ಮಗು ತಿರುಗಿ ನೋಡಿತು, ಆದ್ದರಿಂದ ಕಿವಿ ಚೆನ್ನಾಗಿದೆ ಎಂದು ಮನೆಯವರು ಸಮಾಧಾನಪಡುವುದುಂಟು. ಇದು ನಂಬಲರ್ಹ ಪರೀಕ್ಷೆಯಲ್ಲ. ಮಗು ಕೈಯ ಚಲನೆಯನ್ನು ಕಂಡು ಅಥವಾ ನೆಲದ ಅದುರುವಿಕೆಯನ್ನು ಗ್ರಹಿಸಿ ತಿರುಗಿರಬಹುದು. ದೊಡ್ಡ ಸದ್ದು ಕೇಳಿದರೂ ‘ಸ’, ‘ಶ’, ‘ತ’ದಂತಹ ಧ್ವನಿಗಳು ಕೇಳಿಸದಿರಬಹುದು.

1978ರಲ್ಲಿ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಒಂದು ಅಚ್ಚರಿಯ ಸಂಗತಿಯನ್ನು ವರದಿ ಮಾಡಿದರು. ಆರೋಗ್ಯವಂತ ಕಿವಿ ಶಬ್ದವನ್ನು ಕೇಳುವುದಷ್ಟೇ ಅಲ್ಲ, ತಾನೇ ಅತಿ ಕ್ಷೀಣವಾದ ಶಬ್ದವನ್ನು ಹೊರಸೂಸುತ್ತದೆ! ಇದಕ್ಕೆ ಹೊರಸಾಲಿನ ರೋಮಕೋಶಗಳೇ ಕಾರಣ. ನಿದ್ರಿಸುತ್ತಿರುವ ಶಿಶುವಿನ ಕಿವಿಗೆ ಪುಟ್ಟ ಶೋಧಕವನ್ನಿಟ್ಟು ಈ ಮರುದನಿಯನ್ನು ಕೆಲವೇ ನಿಮಿಷಗಳಲ್ಲಿ ಅಳೆಯಬಹುದು. ಇದೇ ಓಎಇ ಪರೀಕ್ಷೆ. ರೋಮಕೋಶದಿಂದಾಚೆ ನರದಲ್ಲಿ ದೋಷವಿದ್ದರೆ ಇದು ಪತ್ತೆಹಚ್ಚದು. ಅದಕ್ಕೆ ‘ಬೆರಾ’ ಎಂಬ ಇನ್ನೊಂದು ಪರೀಕ್ಷೆಯಿದೆ. ಇದರಲ್ಲಿ ತಲೆಗೆ ಅಂಟಿಸಿದ ವಿದ್ಯುದ್ವಾರಗಳು ಶ್ರವಣನರ ಮತ್ತು ಮಿದುಳುಕಾಂಡದ ಪ್ರತಿಕ್ರಿಯೆಯನ್ನು ದಾಖಲಿಸುತ್ತವೆ. ತಜ್ಞರು ಹೇಳುವ ಸೂತ್ರ ಸರಳ: 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಖಚಿತ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ.

ಕಾಕ್ಲಿಯರ್ ಇಂಪ್ಲಾಂಟ್

ಶ್ರವಣಸಾಧನವು ಶಬ್ದವನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ರೋಮಕೋಶಗಳು ತೀರ ಹಾಳಾಗಿದ್ದರೆ ಅದರಿಂದ ಪ್ರಯೋಜನ ಕಡಿಮೆ. ಕಾಕ್ಲಿಯರ್ ಇಂಪ್ಲಾಂಟ್ ಈ ಕೋಶಗಳನ್ನು ಬಳಸುವುದೇ ಇಲ್ಲ. ಕಿವಿಯ ಹಿಂದೆ ಧರಿಸುವ ಸಂಸ್ಕಾರಕವು ಶಬ್ದವನ್ನು ಆವೃತ್ತಿಗಳಾಗಿ ವಿಂಗಡಿಸಿ, ಚರ್ಮದಡಿ ಇರಿಸಿದ ಗ್ರಾಹಕಕ್ಕೆ ರೇಡಿಯೊ ಅಲೆಗಳ ಮೂಲಕ ಕಳಿಸುತ್ತದೆ. ಅಲ್ಲಿಂದ ಹೊರಟ ತೆಳುವಾದ ಎಳೆ ಕಾಕ್ಲಿಯದೊಳಗೆ ಸಾಗಿರುತ್ತದೆ. ಅದರಲ್ಲಿ 22ರವರೆಗೆ ವಿದ್ಯುದ್ವಾರಗಳಿರುತ್ತವೆ. ಕೀಚಲು ಸ್ವರ ಬಂದರೆ ಬುಡದ ವಿದ್ಯುದ್ವಾರ, ಗಡಸು ಸ್ವರ ಬಂದರೆ ಒಳಗಿನದು ನರವನ್ನು ನೇರವಾಗಿ ಪ್ರಚೋದಿಸುತ್ತದೆ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ 1978ರಲ್ಲಿ ಬಹುವಾಹಿನಿ ಸಾಧನವನ್ನು ವಯಸ್ಕರೊಬ್ಬರಿಗೆ ಅಳವಡಿಸಿದರು. 1990ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೂ ಅನುಮತಿ ದೊರೆಯಿತು.

ಶಸ್ತ್ರಚಿಕಿತ್ಸೆ ಆದ ದಿನವೇ ಮಗು ಮಾತು ಕೇಳುವುದಿಲ್ಲ. ಕೆಲವು ವಾರಗಳ ನಂತರ ಸಾಧನವನ್ನು ಚಾಲೂ ಮಾಡುತ್ತಾರೆ. ಆಗ ಕೇಳುವ ಸದ್ದಿಗೆ ಅರ್ಥ ಕಲಿಯಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತರಬೇತಿ ಬೇಕು. ಮಿದುಳಿನ ಶ್ರವಣಭಾಗವು ಶೈಶವದಲ್ಲಿ ಬಹಳ ಮೃದು. ಶಬ್ದವೇ ತಲುಪದಿದ್ದರೆ ಅದು ಬೇರೆ ಕೆಲಸಗಳಿಗೆ ಬಳಕೆಯಾಗುತ್ತದೆ. ಹುಟ್ಟು ಕಿವುಡಿನ ಮಗುವಿಗೆ ಎಂಟು-ಹತ್ತು ವರ್ಷವಾದ ಮೇಲೆ ಅಳವಡಿಸಿದ ಸಾಧನ ಸದ್ದನ್ನು ತಿಳಿಸೀತು, ಮಾತನ್ನು ಕಲಿಸುವುದು ಕಷ್ಟ.

ಹಳ್ಳಿಯಿಂದ ಆಸ್ಪತ್ರೆಗೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಅವರು ಗುರುತಿಸಬೇಕಾದ ದೋಷಗಳಲ್ಲಿ ಹುಟ್ಟು ಕಿವುಡೂ ಸೇರಿದೆ. ಕೇಂದ್ರದ ಎಡಿಐಪಿ ಯೋಜನೆಯಡಿ ಅರ್ಹ ಕುಟುಂಬಗಳ ಚಿಕ್ಕ ಮಕ್ಕಳಿಗೆ ಲಕ್ಷಗಟ್ಟಲೆ ಬೆಲೆಯ ಇಂಪ್ಲಾಂಟ್‌ಗೆ ನೆರವುಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು.

ಆದರೆ ದೂರವೂ ಒಂದು ಅಡ್ಡಿ. ಜಗಳೂರಿನ ಮಗು ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಬರಬೇಕು. ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ. ವಾರವಾರವೂ ತರಬೇತಿಗೆ ಹೋದರೆ ತಾಯಿಯ ಕೂಲಿ ತಪ್ಪುತ್ತದೆ. ತರಬೇತಿ ನಿಂತರೆ ಶಸ್ತ್ರಚಿಕಿತ್ಸೆಯ ಪ್ರಯೋಜನವೂ ಕುಗ್ಗುತ್ತದೆ. ಆದ್ದರಿಂದ ಮನೆಯಲ್ಲೂ ಅಂಗನವಾಡಿಯಲ್ಲೂ ಮಗುವಿನೊಡನೆ ಎದುರು ಕುಳಿತು ಮಾತನಾಡುತ್ತಲೇ ಇರುವುದು ಚಿಕಿತ್ಸೆಯ ಒಂದು ಭಾಗ.

ರಕ್ತಸಂಬಂಧ ಮತ್ತು ಜೀನುಗಳು

ಜಿಜೆಬಿ2 ಎಂಬ ಜೀನಿನ ದೋಷ ಹುಟ್ಟು ಕಿವುಡಿಗೆ ಮುಖ್ಯ ಕಾರಣಗಳಲ್ಲೊಂದು. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದರೆ ಮಾತ್ರ ಇಂತಹ ಕಿವುಡು ಸಾಮಾನ್ಯವಾಗಿ ಕಾಣಿಸುತ್ತದೆ. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ಸಂಬಂಧಗಳಲ್ಲಿ ಮದುವೆಯಾದಾಗ ಈ ಸಂಭವ ಹೆಚ್ಚು. ಕರ್ನಾಟಕದಲ್ಲಿ ಸುಮಾರು ಕಾಲುಭಾಗದಷ್ಟು ಮದುವೆಗಳು ಇಂದಿಗೂ ರಕ್ತಸಂಬಂಧದಲ್ಲೇ ನಡೆಯುತ್ತವೆ ಎಂಬುದನ್ನು ಗಮನಿಸಬೇಕು.

ಓಟಿಒಎಫ್ ಎಂಬ ಇನ್ನೊಂದು ಜೀನ್ ಕೆಟ್ಟಾಗ ರೋಮಕೋಶ ಸರಿಯಿದ್ದರೂ ಸಂಕೇತ ನರಕ್ಕೆ ದಾಟುವುದಿಲ್ಲ. ಇಂತಹ ಮಗು ಓಎಇಯಲ್ಲಿ ‘ಪಾಸ್’ ಆಗಬಹುದು! ಚೀನಾದ ಶಾಂಘೈಯಲ್ಲಿ ಈ ದೋಷವಿದ್ದ ಆರು ಮಕ್ಕಳ ಒಳಗಿವಿಗೆ ನಿರಪಾಯಕಾರಿ ವೈರಸ್ಸಿನ ಮೂಲಕ ಸರಿಯಾದ ಜೀನನ್ನು ಸೇರಿಸಲಾಯಿತು. ಐವರಿಗೆ ಕೇಳುವ ಶಕ್ತಿ ಬಂದಿತೆಂದು 2024ರಲ್ಲಿ ವರದಿಯಾಯಿತು. ಈ ವಿಧಾನ ಎಲ್ಲ ಬಗೆಯ ಕಿವುಡಿಗೂ ಒದಗುವುದಿಲ್ಲ.

ಶಿಕ್ಷಕರು ಏನು ಮಾಡಬಹುದು?

ಕರೆದರೆ ಓಗೊಡದ, ಮಾತನಾಡುವವರ ತುಟಿಯನ್ನೇ ನೋಡುವ, ಉಕ್ತಲೇಖನದಲ್ಲಿ ಪದೇ ಪದೇ ತಪ್ಪುವ ಮಗುವನ್ನು ದಡ್ಡನೆಂದು ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂತಹ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕಪ್ಪುಹಲಗೆಯತ್ತ ತಿರುಗಿ ಪಾಠ ಹೇಳಬೇಡಿ. ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ವರ್ಷ ತುಂಬಿದರೂ ‘ಅಮ್ಮ’, ‘ತಾತ’ ಎನ್ನದ ಕೂಸಿದೆಯೇ, ವಿಚಾರಿಸಿ. ಅದರ ಅಪ್ಪನೂ ತಡವಾಗಿ ಮಾತು ಕಲಿತನೆಂಬ ಉತ್ತರ ಬಂದರೆ ಅಷ್ಟಕ್ಕೇ ಬಿಡಬೇಡಿ. ಇಂಪ್ಲಾಂಟ್ ಹೊಂದದ ಮಕ್ಕಳಿಗೆ ಸಂಜ್ಞಾಭಾಷೆಯೂ ಒಂದು ಪೂರ್ಣ ಭಾಷೆಯೇ. ಅದನ್ನೂ ಎಳವೆಯಲ್ಲೇ ಕಲಿಸಬೇಕು.