ಕಲಾಯಿಯ ಹಿಂದಿನ ಉಪ್ಪು: ನವಸಾಗರ

ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹುಳಿ ಹಿಂಡಿದ ಸಾರು ಕುದಿಸಿದರೆ ಕಿಲುಬು ಅಡುಗೆಗೆ ಇಳಿಯುತ್ತದೆ. ಅದನ್ನು ತಡೆಯುವುದು ಒಳಮೈಗೆ ಹಚ್ಚಿದ ತವರದ ತೆಳುಪದರ, ಅಂದರೆ ಕಲಾಯಿ. ಆ ತವರ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಂತೆ ಮಾಡುವುದು ನವಸಾಗರವೆಂಬ ಬಿಳಿ ಉಪ್ಪು. ರಸಾಯನಶಾಸ್ತ್ರದಲ್ಲಿ ಇದು ಅಮೋನಿಯಂ ಕ್ಲೋರೈಡ್.

ಕಲಾಯಿಯವರು ಮೊದಲು ಪಾತ್ರೆಯನ್ನು ಮರಳು ಹಾಕಿ ತಿಕ್ಕಿ ಜಿಡ್ಡು, ಕರಿ ತೆಗೆಯುತ್ತಾರೆ. ಆಮೇಲೆ ತಿದಿಯೊತ್ತಿ, ಇಕ್ಕಳದಲ್ಲಿ ಹಿಡಿದ ಪಾತ್ರೆಯನ್ನು ಕೆಂಡದ ಮೇಲೆ ತಿರುಗಿಸುತ್ತಾ ಕಾಯಿಸುತ್ತಾರೆ. ತೊಡಕಿರುವುದು ಇಲ್ಲಿಯೇ. ಎಷ್ಟೇ ಉಜ್ಜಿದ್ದರೂ ಕಾದ ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ಮತ್ತೆ ಕಪ್ಪಾಗುತ್ತದೆ. ಆ ಆಕ್ಸೈಡಿನ ಪೊರೆಯ ಮೇಲೆ ಕರಗಿದ ತವರ, ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಾಗಿ ಉರುಳುತ್ತದೆಯೇ ಹೊರತು ಹರಡುವುದಿಲ್ಲ.

ಆಗ ಬೀಳುತ್ತದೆ ಒಂದು ಚಿಟಿಕೆ ನವಸಾಗರದ ಪುಡಿ. ಭುಗ್ಗನೆ ಬಿಳಿ ಹೊಗೆ ಏಳುತ್ತದೆ. ಈ ಉಪ್ಪು ಕಾದಾಗ ಕರಗಿ ನೀರಾಗುವುದಿಲ್ಲ. ಸುಮಾರು 340 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆಯುತ್ತದೆ. ಹೈಡ್ರೋಜನ್ ಕ್ಲೋರೈಡ್ ಪೊರೆಯನ್ನು ತಿಂದುಹಾಕಿ ಲೋಹದ ಮೈಯನ್ನು ತೆರೆದಿಡುತ್ತದೆ. ಮೇಲೇರಿ ತಣಿದ ಅನಿಲಗಳು ಮತ್ತೆ ಕೂಡಿಕೊಂಡಾಗ ಹುಟ್ಟುವ ನವಸಾಗರದ ಕಣಗಳೇ ಆ ಬಿಳಿ ಹೊಗೆ.

ತವರ 232 ಡಿಗ್ರಿಗೇ ಕರಗುವುದರಿಂದ ಕಡ್ಡಿ ತಾಗಿಸಿದೊಡನೆ ಹರಿಯುತ್ತದೆ. ಅರಳೆಯ ಉಂಡೆಯಿಂದ ಸರ್ರನೆ ಒರೆಸಿದರೆ ಒಳಮೈಯೆಲ್ಲ ಬೆಳ್ಳಗೆ ಹೊಳೆಯುತ್ತದೆ. ತಡವಾದರೆ ಪೊರೆ ಮರಳಿ ಕಟ್ಟುತ್ತದೆ, ಕಾವು ಮೀರಿದರೆ ತವರದ ಹೊಳಪು ಕೆಡುತ್ತದೆ. ಈ ನಡುವಿನ ಗಳಿಗೆಯನ್ನು ಹಿಡಿಯುವುದರಲ್ಲೇ ಕಸುಬಿನ ಜೀವವಿದೆ.

ಕಾರ್ಖಾನೆಗಳಿಗೂ ಬೇಕಾದದ್ದು ನವಸಾಗರದ ಪೊರೆ ಕಳೆಯುವ ಇದೇ ಗುಣ. ಕಬ್ಬಿಣವನ್ನು ಸುಮಾರು 450 ಡಿಗ್ರಿಯ ಸತುವಿನ ದ್ರವದಲ್ಲಿ ಅದ್ದುವ ಮೊದಲು ಸತುವಿನ ಕ್ಲೋರೈಡ್ ಬೆರೆಸಿದ ನವಸಾಗರದ ದ್ರಾವಣದಲ್ಲಿ ಮುಳುಗಿಸುತ್ತಾರೆ. ಇದೇ ಉಪ್ಪಿಗೆ ಬೇರೆ ಕೆಲಸಗಳೂ ಉಂಟು. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ವಿದ್ಯುತ್ ಕೋಶದಲ್ಲಿದ್ದದ್ದು ಇದರ ದ್ರಾವಣ. ಟಾರ್ಚಿನ ಹಳೆಯ ಸೆಲ್ಲುಗಳಲ್ಲಿ ಅದೇ ಕಲಸಿದ ಹಿಟ್ಟಿನ ರೂಪ ತಳೆಯಿತು. ನಾಲ್ಕನೇ ಒಂದು ಭಾಗದಷ್ಟು ಸಾರಜನಕವಿರುವುದರಿಂದ ಭತ್ತದ ಗದ್ದೆಗೆ ಗೊಬ್ಬರವೂ ಹೌದು.

ಕಾರ್ಖಾನೆಯಲ್ಲಿ ಕಾವನ್ನು ಉಪಕರಣ ಅಳೆಯುತ್ತದೆ. ಕಲಾಯಿಯವರು ಪಾತ್ರೆಯ ಬಣ್ಣ, ಹೊಗೆಯ ಬಿರುಸು ನೋಡಿಯೇ ಅದನ್ನು ಅರಿಯುತ್ತಾರೆ. ಕಲಾಯಿ ಹಾಕಿಸುವಾಗ ಸೀಸ ಬೆರೆಸದ ಶುದ್ಧ ತವರವನ್ನೇ ಕೇಳಿ, ಆ ಕೈಗುಣಕ್ಕೆ ತಕ್ಕ ಕೂಲಿಯನ್ನೂ ಕೊಡಿ.